ರಾವುಟಿಯಲ್ಲಿ ಕುದುರುವ ರಾತ್ರಿ: ನಾರಾಯಣಗಾಂವದ ತಮಾಷಾ ಪೇಟೆ ಮತ್ತು ಅದರ ಸಂಘಟನೆ

ಪುಣೆಯಿಂದ ನಾಸಿಕದ ರಸ್ತೆ ಹಿಡಿದು ಸುಮಾರು 75 ಕಿಲೋಮೀಟರ್ ಹೋದರೆ ಜುನ್ನರ ತಾಲೂಕಿನ ನಾರಾಯಣಗಾಂವ ಸಿಗುತ್ತದೆ. ಶಿವನೇರಿ ಕೋಟೆಗೆ ಹೊರಟವರು ಇಲ್ಲಿಂದಲೇ ಎಡಕ್ಕೆ ಹೊರಳುತ್ತಾರೆ. ಸುತ್ತ ದ್ರಾಕ್ಷಿ ತೋಟಗಳು. ಟೊಮ್ಯಾಟೊ ಪೇಟೆಗೂ ಊರು ಹೆಸರುವಾಸಿ. ಆದರೆ ಮಹಾರಾಷ್ಟ್ರದ ಹಳ್ಳಿಗಳಿಗೆ ನಾರಾಯಣಗಾಂವ ಗೊತ್ತಿರುವುದು ಇನ್ನೊಂದು ಪೇಟೆಯಿಂದ. ಫಾಲ್ಗುಣ ಮುಗಿಯುತ್ತ ಬಂದ ಹಾಗೆ ಇಲ್ಲಿ ಬಟ್ಟೆಯ ರಾವುಟಿಗಳು ಸಾಲಾಗಿ ಏಳುತ್ತವೆ. ಒಂದೊಂದರ ಮುಂದೆಯೂ ಒಂದೊಂದು ತಮಾಷಾ ಫಡದ, ಅಂದರೆ ಹಾಡು-ಕುಣಿತ-ಕಥೆಯ ಮರಾಠಿ ಜನಪದ ಆಟವಾಡುವ ತಂಡದ, ಹೆಸರು ಬರೆದ ದೊಡ್ಡ ಫಲಕ, ಕಲಾವಿದರ ಬಣ್ಣದ ಚಿತ್ರ, ಫೋನ್ ನಂಬರು. ಒಳಗೆ ಗಾದಿ, ಲೋಡು, ಗೋಡೆಯ ಜಾಗದಲ್ಲಿರುವ ಬಟ್ಟೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರು, ಮುಂದೆ ಒಂದು ಲೆಕ್ಕದ ವಹಿ. ವಹಿಯ ಮುಂದೆ ಕೂತವನು ಫಡದ ಮ್ಯಾನೇಜರ.

ಅವನೆದುರು ಬಂದು ಕೂಡುವವರು ಹಳ್ಳಿಯ ಜಾತ್ರಾ ಕಮಿಟಿಯ ಪಂಚರು. ತಮ್ಮೂರ ದೇವರ ಜಾತ್ರೆಗೆ ಒಂದು ರಾತ್ರಿಯ ಆಟ ಬೇಕು. ಮಾತು ದುಡ್ಡಿನಿಂದ ಶುರುವಾಗುವುದಿಲ್ಲ, ತಿಥಿಯಿಂದ ಶುರುವಾಗುತ್ತದೆ. ಚೈತ್ರ ಹುಣ್ಣಿಮೆಯೋ, ಅಷ್ಟಮಿಯೋ, ಅಕ್ಷಯ ತೃತೀಯೆಯೋ? ಒಂದೇ ತಿಥಿಗೆ ನೂರಾರು ಊರುಗಳ ಜಾತ್ರೆ ಬಿದ್ದರೆ ಆ ರಾತ್ರಿಯ ದರ ಏರುತ್ತದೆ. ಖಾಲಿ ತಿಥಿಯಾದರೆ ಅದೇ ಫಡ ಅರ್ಧ ದುಡ್ಡಿಗೂ ಒಪ್ಪೀತು. ಆಮೇಲೆ ಪಂಚರ ಪ್ರಶ್ನೆಗಳು. ಕುಣಿಯುವವರು ಎಷ್ಟು ಮಂದಿ? ಈ ವರ್ಷ ಯಾವ ಕಥೆಯ ವಗ ಕಟ್ಟಿದ್ದೀರಿ? ನಗಿಸುವ ಸೋಂಗಾಡ್ಯಾ ಯಾರು? ಜನರೇಟರ್ ನಿಮ್ಮದೋ ನಮ್ಮದೋ? ಮರುದಿನ ಬೆಳಿಗ್ಗೆ ದೇವರ ಮುಂದೆ ಹಾಜರಿ ಕೊಡುತ್ತೀರೋ ಇಲ್ಲವೋ? ಒಂದು ರಾವುಟಿಯಲ್ಲಿ ಚಹಾ ಕುಡಿದು, ಇನ್ನೊಂದಕ್ಕೆ ಹೋಗಿ ದರ ಕೇಳಿ, ಮೊದಲಿನದಕ್ಕೇ ಮರಳಿ ಬಂದು ಕೂಡುವುದು ಇಲ್ಲಿ ಸಾಮಾನ್ಯ. ಒಪ್ಪಿಗೆಯಾದರೆ ಸಂಚಕಾರದ ಹಣ ಕೈ ಬದಲಾಗುತ್ತದೆ, ವಹಿಯಲ್ಲಿ ಊರ ಹೆಸರು, ತಿಥಿ, ಮೊತ್ತ ಏರುತ್ತವೆ. ಇದಕ್ಕೆ ಅವರು ಹೇಳುವುದು ಸುಪಾರಿ ಎಂದು. ಗುಡಿಪಾಡ್ಯದ ದಿನ, ಅಂದರೆ ನಮ್ಮ ಯುಗಾದಿಯಂದು, ಈ ವ್ಯವಹಾರ ಉಕ್ಕೇರುತ್ತದೆ. ದೊಡ್ಡ ಫಡದ ಒಂದು ರಾತ್ರಿಗೆ ಲಕ್ಷಗಳ ಲೆಕ್ಕ.

ಪುಣೆಯ ಸಂಸ್ಥೆಗಳ ಚರಿತ್ರೆ ಬರೆಯಲು ಕೂತಾಗ ನಾವು ಕನ್ನಡಿಗರು ಎರಡು ಮೂರು ಹೆಸರುಗಳನ್ನು ಹೆಮ್ಮೆಯಿಂದ ಎತ್ತುತ್ತೇವೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ಇದೇ ಪುಣೆಯಲ್ಲಿ ‘ಶಾಕುಂತಲ’ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದರು. ಗದುಗಿನ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಇಲ್ಲಿ ಸಂಗೀತೋತ್ಸವ ಆರಂಭಿಸಿದರು. ಇವು ಸ್ಮರಣ ಸಂಚಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ, ಬರಲಿ. ಆದರೆ ಕಲಾವಿದರಿಗೆ ಕೆಲಸ ಒದಗಿಸುವ, ಅವರ ರಾತ್ರಿಗಳಿಗೆ ಬೆಲೆ ಕಟ್ಟುವ, ಆ ಬೆಲೆಯನ್ನು ವಸೂಲಿ ಮಾಡಿಕೊಡುವ ಮಧ್ಯವರ್ತಿಗಳ ಚರಿತ್ರೆಗೆ ಅಲ್ಲಿ ಜಾಗ ಸಿಕ್ಕಿಲ್ಲ. ಮುಂಬಯಿಯ ಸಿನಿಮಾ ಮಂದಿ ಟ್ಯಾಲೆಂಟ್ ಏಜೆಂಟ್ ಎಂದು ಕರೆಯುವವನ ಕೆಲಸವನ್ನು ನಾರಾಯಣಗಾಂವದ ಮ್ಯಾನೇಜರ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾನೆ. ಅವನ ಹಿಂದೆ ಫಡದ ಮಾಲಕ, ಮಾಲಕರ ಹಿಂದೆ ಅಖಿಲ ಭಾರತೀಯ ಮರಾಠಿ ತಮಾಷಾ ಪರಿಷತ್ತು ಮತ್ತು ಫಡ ಮಾಲಕರ ಸಂಘಟನೆ. ಈ ಸಂಘಟನೆಗಳು ಏನು ಗಳಿಸಿಕೊಟ್ಟವು, ಯಾವುದನ್ನು ಇನ್ನೂ ಗಳಿಸಿಕೊಡಬೇಕಾಗಿದೆ ಎಂಬುದನ್ನು ನೋಡಬೇಕು.

ತಮಾಷಾದಲ್ಲಿ ಎರಡು ಬಗೆ. ಒಂದು ಢೋಲಕಿ ಫಡ. ಗಣ, ಗೌಳಣ, ಬತಾವಣಿ, ಲಾವಣಿ, ಕೊನೆಗೆ ವಗ ಎಂಬ ಕಥಾಭಾಗ ಇರುವ ಪೂರ್ಣ ಆಟ. ಲಾರಿಗಳಲ್ಲಿ ಡೇರೆ, ರಂಗ, ದೀಪ ಹೊತ್ತು ಊರೂರು ಅಲೆಯುವ ದೊಡ್ಡ ಸಂಸಾರ. ದಸರೆಗೆ ಹೊರಟರೆ ಬುದ್ಧ ಪೂರ್ಣಿಮೆಯ ಹೊತ್ತಿಗೆ ಮನೆ. ಮೊದಲ ತಿಂಗಳುಗಳಲ್ಲಿ ಡೇರೆ ಹೊಡೆದು ಟಿಕೇಟಿನ ಆಟ, ಚೈತ್ರ ಬಂದ ಮೇಲೆ ಸುಪಾರಿಯ ಆಟ. ಇನ್ನೊಂದು ಸಂಗೀತ ಬಾರಿ. ಇದು ಹೆಣ್ಣುಮಕ್ಕಳ ಚಿಕ್ಕ ಚಿಕ್ಕ ಪಾರ್ಟಿಗಳು ಒಂದೇ ಥಿಯೇಟರಿನಲ್ಲಿ ಉಳಿದು ಲಾವಣಿ ಹಾಡಿ ಕುಣಿಯುವ ಪದ್ಧತಿ. ಪುಣೆಯ ಪೇಟೆಗಳ ಒಳಗಿರುವ ಆರ್ಯಭೂಷಣ ಥಿಯೇಟರ್ ಇದರ ಹಳೆಯ ನೆಲೆ. ಸೋಲಾಪುರ ರಸ್ತೆಯಲ್ಲಿ ದೌಂಡ ತಾಲೂಕಿನ ಚೌಫುಲಾ ಇನ್ನೊಂದು. ಅಲ್ಲಿ ಥಿಯೇಟರಿನ ಮಾಲಕನೇ ಮಧ್ಯವರ್ತಿ. ಜಾಗ ಅವನದು, ಗಿರಾಕಿಯನ್ನು ಕರೆತರುವ ಹೆಸರು ಅವನದು, ದಿನದ ಗಳಿಕೆಯಲ್ಲಿ ಪಾಲೂ ಅವನದು.

ನಾರಾಯಣಗಾಂವ ತಮಾಷಾದ ಊರೆನಿಸಿಕೊಂಡದ್ದು ಒಂದು ಮನೆತನದಿಂದ. ಭಾವು-ಬಾಪು ಮಾಂಗ ನಾರಾಯಣಗಾಂವಕರ ಸಹೋದರರ ಫಡ ಇಲ್ಲಿನದು. ಭಾವು ಅವರ ಮಗಳು ವಿಠಾಬಾಯಿ 1935ರಲ್ಲಿ ಪಂಢರಪುರದಲ್ಲಿ, ಫಡದ ಅಲೆದಾಟದ ನಡುವೆಯೇ ಹುಟ್ಟಿದಳು. ತುಂಬು ಗರ್ಭಿಣಿಯಾಗಿ ರಂಗಕ್ಕೆ ಬಂದು, ಆಟದ ನಡುವೆ ನೋವು ಶುರುವಾಗಿ ಪರದೆಯ ಹಿಂದೆ ಹೆತ್ತು, ಕಲ್ಲಿನಿಂದ ಹೊಕ್ಕುಳಬಳ್ಳಿ ಕತ್ತರಿಸಿಕೊಂಡು ಮತ್ತೆ ಕುಣಿಯಲು ಹೊರಟವಳು ಎಂದು ಮಹಾರಾಷ್ಟ್ರ ಅವಳನ್ನು ನೆನೆಯುತ್ತದೆ. ರಾಷ್ಟ್ರಪತಿಗಳ ಕೈಯಿಂದ ಪ್ರಶಸ್ತಿ ಪಡೆದ ಆಕೆ 2002ರ ಜನವರಿಯಲ್ಲಿ ಕಷ್ಟದಲ್ಲೇ ತೀರಿಕೊಂಡಳು. ಈಗ ರಾಜ್ಯ ಸರ್ಕಾರ ತಮಾಷಾ ಕಲಾವಿದರಿಗೆ ಕೊಡುವ ಜೀವಮಾನದ ಪ್ರಶಸ್ತಿ ಅವಳ ಹೆಸರಿನಲ್ಲಿದೆ. ಆ ಹೆರಿಗೆಯ ಕಥೆಯನ್ನು ಜನ ಕಲಾನಿಷ್ಠೆಯ ಉದಾಹರಣೆಯಾಗಿ ಹೇಳುತ್ತಾರೆ. ನನಗೆ ಅದು ಕರಾರಿನ ಕಥೆ. ಆ ರಾತ್ರಿ ಹಳ್ಳಿಗೆ ಕೊಟ್ಟಾಗಿತ್ತು, ಜನ ಸೇರಿತ್ತು, ಆಟ ನಿಂತರೆ ಉತ್ತರ ಹೇಳಬೇಕಾದವರು ಆಡುವವರೇ. ನಡುವೆ ನಿಂತು “ಇವತ್ತು ಆಗದು” ಎನ್ನುವ ಒಬ್ಬ ಮನುಷ್ಯ, ಒಂದು ನಿಯಮ, ಒಂದು ಸಂಘ ಅಲ್ಲಿ ಇರಲಿಲ್ಲ.

ಸಂಘ ಹುಟ್ಟುವ ಅಗತ್ಯವನ್ನು ಒದಗಿಸಿದ್ದು ಸರ್ಕಾರ. ಪೇಶವೆಗಳ ಕಾಲದಲ್ಲಿ ರಾಮ ಜೋಶಿ, ಹೋನಾಜಿ ಬಾಳ, ಸಗನಭಾವು ಮುಂತಾದ ಲಾವಣಿಕಾರರಿಗೆ ದರಬಾರಿನ ಆಸರೆ ಇತ್ತು. 1818ರಲ್ಲಿ ಪೇಶವಾಯಿ ಅಳಿದ ಮೇಲೆ ಆಟ ಹಳ್ಳಿಯ ಜಾತ್ರೆಗೂ ನಗರದ ಥಿಯೇಟರಿಗೂ ಬಂತು. ಸ್ವಾತಂತ್ರ್ಯದ ಹೊಸತರಲ್ಲಿ ಬಾಳಾಸಾಹೇಬ ಖೇರರ ಮುಂಬಯಿ ಸರ್ಕಾರ ಅಶ್ಲೀಲದ ಕಾರಣ ಹೇಳಿ ತಮಾಷಾವನ್ನೇ ನಿಷೇಧಿಸಿತು. ಸಾವಿರಾರು ಒಲೆಗಳು ಆರಿದವು. ಕಲಾವಿದರೂ ಥಿಯೇಟರ್ ಮಾಲಕರೂ ಅಹವಾಲು ಹೊತ್ತು ಅಲೆದರು. ಆರ್ಯಭೂಷಣದ ಅಹಮದ್‌ಶೇಟ್ ತಾಂಬೆಯವರು ಈ ಓಡಾಟದಲ್ಲಿ ಮುಂದಿದ್ದವರು. ಸರ್ಕಾರ ಪುಣೆಯ ಇತಿಹಾಸಕಾರ ದತ್ತೋ ವಾಮನ ಪೋತದಾರರ ಅಧ್ಯಕ್ಷತೆಯಲ್ಲಿ ತಮಾಷಾ ಸುಧಾರಣಾ ಸಮಿತಿ ನೇಮಿಸಿತು. ನಿಷೇಧ ಸಡಿಲವಾಯಿತು, ಆದರೆ ಷರತ್ತಿನ ಮೇಲೆ. ಆಟದ ಬರಹ ಪರಿಶೀಲನೆಗೆ ಹೋಗಬೇಕು, ಲೈಸೆನ್ಸ್ ಬೇಕು. 1960ರಲ್ಲಿ ಬಂದ ಮನರಂಜನೆಯ ಲೈಸೆನ್ಸ್ ನಿಯಮಾವಳಿಯ ಶೀರ್ಷಿಕೆಯಲ್ಲೇ ಮೇಳ ಮತ್ತು ತಮಾಷಾಗಳ ಹೆಸರಿದೆ. ಪೊಲೀಸ್ ಕಾಯ್ದೆಯ ಕೆಳಗೆ ಹುಟ್ಟಿದ ನಿಯಮ ಅದು. ಅಕ್ಷರ ಓದಲು ಬಾರದ ಫಡದ ಸರದಾರನೊಬ್ಬ ಲೈಸೆನ್ಸಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದು ಸಾಧ್ಯವಿಲ್ಲದ ಮಾತು. ತಮಾಷಾ ಪರಿಷತ್ತು ಬೇರೂರಿದ್ದು ಈ ನೆಲದಲ್ಲಿ. ಕಲೆಯ ಸಮ್ಮೇಳನ ನಡೆಸುವುದು, ಶಿಬಿರ ಮಾಡುವುದು ಅದರ ಹೊರಗಿನ ಮುಖ. ಸಚಿವಾಲಯದ ಮೆಟ್ಟಿಲು ಹತ್ತುವುದು ಒಳಗಿನ ಕೆಲಸ. ಮುಂಬಯಿಯ ಲಾಲಬಾಗದಲ್ಲಿ ಹನುಮಾನ ಥಿಯೇಟರ್ ನಡೆಸಿದ ಮಧುಕರ ನೆರಾಳೆಯವರಂಥವರು ಈ ಕೆಲಸಕ್ಕೆ ಹೆಗಲು ಕೊಟ್ಟವರು.

ಅದೇ ಕಾಲದಲ್ಲಿ ಇನ್ನೊಂದು ಬದಲಾವಣೆ ಆಯಿತು. 1959ರಲ್ಲಿ ಅನಂತ ಮಾನೆಯವರ ‘ಸಾಂಗತ್ಯೆ ಐಕಾ’ ಚಿತ್ರ ಬಂದು ಪುಣೆಯ ವಿಜಯಾನಂದ ಚಿತ್ರಮಂದಿರದಲ್ಲಿ 131 ವಾರ ಓಡಿತು. ತಮಾಷಾ ನೋಡಲು ಹೋಗದ ಮನೆಯವರೂ ತಮಾಷಾದ ಕಥೆಯ ಸಿನಿಮಾಕ್ಕೆ ಸಂಸಾರ ಸಮೇತ ಹೋದರು. ಜನ ಲಾವಣಿಯನ್ನು ಒಪ್ಪಿಕೊಂಡರು. ಲಾವಣಿ ಹಾಡುವವಳನ್ನು ಒಪ್ಪಿಕೊಳ್ಳಲಿಲ್ಲ. ಪುಣೆ ವಿಶ್ವವಿದ್ಯಾಲಯದಲ್ಲಿದ್ದ ಶರ್ಮಿಳಾ ರೇಗೆ ಈ ವಿಷಯವನ್ನು ದಶಕಗಳ ಹಿಂದೆಯೇ ಬಿಡಿಸಿ ಬರೆದರು. ಪುಣೆಯ ಯೆರವಡಾದಲ್ಲಿ ಬೆಳೆದ ಇತಿಹಾಸಕಾರ್ತಿ ಶೈಲಜಾ ಪೈಕ್ ತಮಾಷಾದ ದಲಿತ ಮಹಿಳೆಯರ ಬಗ್ಗೆ 2022ರಲ್ಲಿ ದೊಡ್ಡ ಗ್ರಂಥ ತಂದರು. 2024ರಲ್ಲಿ ಅವರಿಗೆ ಅಮೆರಿಕದ ಮೆಕಾರ್ಥರ್ ಫೆಲೋಶಿಪ್ ಬಂತು.

ಸಂಘಟನೆಯ ದಿನನಿತ್ಯದ ಕೆಲಸ ಸಮ್ಮೇಳನದ ಫೋಟೋಗಳಲ್ಲಿ ಕಾಣುವುದಿಲ್ಲ. ಒಂದು ಹಳ್ಳಿ ಸಂಚಕಾರ ಕೊಟ್ಟು ಉಳಿದ ದುಡ್ಡು ಕೊಡಲು ತಕರಾರು ಮಾಡಿದರೆ? ಒಂದು ಫಡ ಹೆಚ್ಚಿನ ದರದ ಆಸೆಗೆ ಒಪ್ಪಿದ ತಿಥಿಯನ್ನು ಇನ್ನೊಂದು ಊರಿಗೆ ಮಾರಿಕೊಂಡರೆ? ಒಂದು ಫಡದ ಹೆಸರಾಂತ ಕಲಾವಿದೆಯನ್ನು ನಡು ಹಂಗಾಮಿನಲ್ಲಿ ಇನ್ನೊಂದು ಫಡದವರು ಎಳೆದುಕೊಂಡರೆ? ಮಳೆ ಬಂದು ಆಟ ಅರ್ಧಕ್ಕೆ ನಿಂತರೆ ದುಡ್ಡು ಪೂರ್ತಿಯೋ ಅರ್ಧವೋ? ಕೋರ್ಟಿಗೆ ಹೋಗಿ ಬಗೆಹರಿಸಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ, ನಾಳೆ ಇನ್ನೊಂದು ಊರು ಕಾದಿರುತ್ತದೆ. ಎಲ್ಲ ಫಡಗಳ ರಾವುಟಿ ಒಂದೇ ಕಡೆ ಇರುವುದರ ನಿಜವಾದ ಉಪಯೋಗ ಇದು. ಮಾತು ತಪ್ಪಿದವನು ಮರುವರ್ಷ ಅದೇ ಸಾಲಿನಲ್ಲಿ, ಅದೇ ಜನರೆದುರು ಕೂಡಬೇಕು. ಟೊಮ್ಯಾಟೊ ಪೇಟೆಯ ದಲಾಲನ ಹಾಗೆ ಇಲ್ಲಿನ ಮ್ಯಾನೇಜರನ ಬಂಡವಾಳವೂ ಅವನ ಬಾಯಿಮಾತೇ. ಈ ನಂಬಿಕೆಯನ್ನು ಕಟ್ಟಿ ಉಳಿಸಿದ್ದು ಸಣ್ಣ ಸಾಧನೆಯಲ್ಲ, ಇದನ್ನು ನಾನು ಸಂಘಟನೆಯ ದೊಡ್ಡ ಕೊಡುಗೆ ಎಂದೇ ಎಣಿಸುತ್ತೇನೆ.

ಸಂಘಟನೆಯ ಕೆಲಸಕ್ಕೇ ಸೇರಿದ್ದು ಹೊತ್ತಿನ ಪ್ರಶ್ನೆ. ತಮಾಷಾ ಬೆಳಗಿನ ತನಕ ನಡೆಯುವ ಆಟವಾಗಿತ್ತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಲ್ಲಿಸಿದ ಮೇಲೆ ವಗಕ್ಕೇ ಕತ್ತರಿ ಬಿತ್ತು. ವರ್ಷಕ್ಕೆ ಕೆಲವೇ ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯಕ್ಕಿದೆ, ಆದರೆ ಜಾತ್ರೆಯ ತಿಥಿ ಊರಿಗೊಂದು. ಆಟ ಕಿರಿದಾದಾಗ ಹೋದದ್ದು ಕಥೆ, ಉಳಿದದ್ದು ಹಾಡು-ಕುಣಿತ. ಇಬ್ಬರು ಅಣ್ಣತಮ್ಮಂದಿರ ಹೆಸರಿನಲ್ಲಿ ನಡೆದ ಸಾಂಗ್ಲಿ ಕಡೆಯ ಕವಲಾಪುರದ ಕಾಳು-ಬಾಳು ಫಡದ ವಗಗಳನ್ನು ನೋಡಿದ ಹಿರಿಯರಿಗೆ ಈ ನಷ್ಟ ಎಷ್ಟೆಂದು ಗೊತ್ತು. ಹೊತ್ತಿನ ವಿನಾಯಿತಿ, ಅನುದಾನ, ವೃದ್ಧ ಕಲಾವಿದರ ಮಾಸಾಶನ ಇವನ್ನೆಲ್ಲ ಸಂಘಟನೆಗಳು ಬಿಡದೆ ಕೇಳುತ್ತ ಬಂದಿವೆ. ಕೆಲವು ಸಿಕ್ಕಿವೆ, ಕೆಲವು ಕಡತದಲ್ಲಿವೆ.

ಬೇರೆ ಕಡೆ ಇದೇ ಮಧ್ಯವರ್ತಿ ವೃತ್ತಿಯ ಸಂಘಗಳು ನಡೆದ ದಾರಿ ನೋಡಿದರೆ ಒಂದು ವ್ಯತ್ಯಾಸ ತಿಳಿಯುತ್ತದೆ. ಲಾಸ್ ಏಂಜಲೀಸಿನಲ್ಲಿ ಹಾಲಿವುಡ್ ಏಜೆಂಟರು 1937ರಲ್ಲೇ ಸಂಘ ಕಟ್ಟಿಕೊಂಡರು. ಅದೇ ಇಂದಿನ ಅಸೋಸಿಯೇಷನ್ ಆಫ್ ಟ್ಯಾಲೆಂಟ್ ಏಜೆಂಟ್ಸ್. ಲಂಡನ್ನಿನಲ್ಲಿ ಪರ್ಸನಲ್ ಮ್ಯಾನೇಜರ್ಸ್ ಅಸೋಸಿಯೇಷನ್ 1950ರಲ್ಲಿ ಹುಟ್ಟಿತು. ಆ ಸಂಘಗಳಿಗೆ ಎದುರಾಗಿ ಕಲಾವಿದರ, ಲೇಖಕರ ಬಲವಾದ ಸಂಘಗಳಿದ್ದವು. ಏಜೆಂಟ್ ಎಷ್ಟು ಕಮೀಷನ್ ಹಿಡಿಯಬಹುದು, ಯಾವ ಹಣದ ಮೇಲೆ ಹಿಡಿಯಬಾರದು ಎಂಬುದು ಎರಡು ಸಂಘಗಳ ನಡುವಿನ ಒಪ್ಪಂದದಲ್ಲಿ ತೀರ್ಮಾನವಾಗುತ್ತಿತ್ತು. ಏಜೆನ್ಸಿಗಳು ಕಮೀಷನ್ ಬಿಟ್ಟು ನಿರ್ಮಾಪಕರಿಂದಲೇ ದುಡ್ಡು ಪಡೆಯುವ ಚಾಳಿ ಹಿಡಿದಾಗ 2019ರ ಏಪ್ರಿಲಿನಲ್ಲಿ ಅಮೆರಿಕದ ಚಿತ್ರಕಥಾ ಲೇಖಕರು ಸಾವಿರಗಟ್ಟಲೆ ಒಮ್ಮೆಲೇ ತಮ್ಮ ಏಜೆಂಟರನ್ನು ಕೈಬಿಟ್ಟರು. ಜಗಳ ಮುಗಿದದ್ದು 2021ರಲ್ಲಿ, ಲೇಖಕರ ಷರತ್ತಿನ ಮೇಲೆ. ಏಜೆಂಟ್ ಯಾರ ಮನುಷ್ಯ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಬರೆದಿಟ್ಟಾಯಿತು.

ನಾರಾಯಣಗಾಂವದಲ್ಲಿ ಆ ಉತ್ತರ ಬರೆದಿಟ್ಟಿಲ್ಲ. ಮ್ಯಾನೇಜರ ಮಾಲಕನ ಮನುಷ್ಯ. ಸಂಘ ಮಾಲಕರ ಸಂಘ. ಕುಣಿಯುವವಳು, ಢೋಲಕಿಯವನು, ಡೇರೆ ಹೊಡೆಯುವ ಕೂಲಿಯವನು ಮಾಲಕನಿಂದ ಉಚಲ ಪಡೆದಿರುತ್ತಾರೆ, ಅಂದರೆ ಹಂಗಾಮಿಗೆ ಮುನ್ನವೇ ಮುಂಗಡ. ಮಗಳ ಮದುವೆಗೋ ಮನೆಯ ಸೂರಿಗೋ ಆಸ್ಪತ್ರೆಗೋ ಅದು ಖರ್ಚಾಗಿರುತ್ತದೆ. ಕಬ್ಬು ಕಡಿಯುವವರೂ ಹೀಗೆಯೇ ಉಚಲ ತೆಗೆದುಕೊಂಡು ಪಶ್ಚಿಮ ಮಹಾರಾಷ್ಟ್ರಕ್ಕೆ ಬರುತ್ತಾರೆ. ಉಚಲ ತೀರುವ ತನಕ ಫಡ ಬಿಡುವಂತಿಲ್ಲ. ತೀರುವ ಹೊತ್ತಿಗೆ ಮುಂದಿನ ವರ್ಷದ ಉಚಲ ಬೇಕಾಗಿರುತ್ತದೆ. ಮಾಲಕನನ್ನು ಖಳನಾಗಿ ನೋಡುವುದೂ ಸರಿಯಲ್ಲ. ಆ ಮುಂಗಡ ಕೊಡಲು ಅವನು ಸಾಹುಕಾರನ ಬಳಿ ಬಡ್ಡಿಗೆ ತಂದಿರುತ್ತಾನೆ, ಚೈತ್ರ ವೈಶಾಖದ ಸುಪಾರಿಯೇ ಅವನಿಗೆ ಋಣ ತೀರುವ ದಾರಿ. ಸಾಲದ ಸರಪಳಿಯ ತುದಿಯಲ್ಲಿ ಇರುವವಳು ಮಾತ್ರ ಯಾವಾಗಲೂ ಕುಣಿಯುವವಳೇ. ಅವಳ ರಾತ್ರಿಯ ದರ ರಾವುಟಿಯ ವಹಿಯಲ್ಲಿ ಇರುವುದಿಲ್ಲ.

ಜಾತಿಯ ಮಾತನ್ನು ಬಿಟ್ಟು ಇದನ್ನು ಹೇಳಲಾಗದು. ಫಡದಲ್ಲಿ ದುಡಿದವರು ಬಹುಪಾಲು ಮಹಾರ, ಮಾಂಗ, ಕೋಲ್ಹಾಟಿ ಸಮುದಾಯದವರು. ಬ್ರಾಹ್ಮಣ ಮನೆತನ ಬಿಟ್ಟು ಬಂದು, ಕಲಾವಿದೆ ಪವಳಾಬಾಯಿಯ ಜೊತೆ ಮಹಾರಾಷ್ಟ್ರವನ್ನೆಲ್ಲ ಮರುಳು ಮಾಡಿದ ಪಠ್ಠೇ ಬಾಪೂರಾವ್ 1927ರ ಮಹಾಡ ಸತ್ಯಾಗ್ರಹದ ಹೊತ್ತಿಗೆ ತಮ್ಮ ಆಟದ ಗಳಿಕೆಯನ್ನು ದೇಣಿಗೆಯಾಗಿ ಕೊಡಲು ಹೋದಾಗ ಅಂಬೇಡ್ಕರರು ಅದನ್ನು ಒಲ್ಲೆ ಎಂದರು. ದಲಿತ ಹೆಣ್ಣುಮಕ್ಕಳನ್ನು ಕುಣಿಸಿ ಬಂದ ಹಣ ಬೇಡ ಎಂಬುದು ಅವರ ನಿಲುವು. ಬಾಪೂರಾವ್ ಅವರೂ 1945ರಲ್ಲಿ ಬಡತನದಲ್ಲೇ ಕಣ್ಣು ಮುಚ್ಚಿದರು. ಯಾರ ದುಡಿಮೆ, ಯಾರ ಗಳಿಕೆ ಎಂದು ಅಂಬೇಡ್ಕರರು ಅಂದು ಎತ್ತಿದ ಪ್ರಶ್ನೆ ಪ್ರತಿಯೊಬ್ಬ ಮಧ್ಯವರ್ತಿಗೂ ಅವನ ಸಂಘಕ್ಕೂ ಸೇರಿದ ಪ್ರಶ್ನೆ.

ಸಂಘಟನೆಯ ಬಲವೂ ಮಿತಿಯೂ ಒಟ್ಟಿಗೆ ಕಂಡದ್ದು ಕೊರೊನಾ ವರ್ಷಗಳಲ್ಲಿ. 2020ರ ಗುಡಿಪಾಡ್ಯ ಮಾರ್ಚ್ 25. ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನವೂ ಅದೇ. ವರ್ಷದ ಅನ್ನ ಹುಟ್ಟಬೇಕಾದ ದಿನವೇ ಪೇಟೆ ಮುಚ್ಚಿತು. ಮರುವರ್ಷ ಪಾಡ್ಯ ಏಪ್ರಿಲ್ 13ಕ್ಕೆ ಬಂತು. 14ರಿಂದ ಮಹಾರಾಷ್ಟ್ರದಲ್ಲಿ ಮತ್ತೆ ಕಟ್ಟುನಿಟ್ಟು. ಎರಡು ಹಂಗಾಮು ಹೋದವು, ಸಾಲದ ಬಡ್ಡಿ ನಿಲ್ಲಲಿಲ್ಲ. ಗಂಡುವೇಷದಲ್ಲಿ ರಂಗ ಆಳಿ, ಸ್ವತಃ ಫಡ ನಡೆಸಿ, ವಿಠಾಬಾಯಿ ಪ್ರಶಸ್ತಿ ಪಡೆದ ಕಾಂತಾಬಾಯಿ ಸಾತಾರಕರ 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಮಗ ರಘುವೀರ ಖೇಡಕರ ಮತ್ತಿತರ ಫಡ ಮಾಲಕರು ಸರ್ಕಾರದ ಮುಂದೆ ನೆರವು ಕೇಳಿದಾಗ ಕೇಳಲು ಒಂದು ಸಂಘಟನೆ ಇತ್ತು, ಒಂದು ಬಾಯಿ ಇತ್ತು ಎಂಬುದು ಸಮಾಧಾನದ ಸಂಗತಿ. ಆದರೆ ನೆರವು ಫಡದ ಹೆಸರಿಗೆ ಬಂದರೆ ಅದು ಫಡದ ಪ್ರತಿಯೊಬ್ಬರಿಗೂ ತಲುಪಿತೆಂದು ಖಾತ್ರಿ ಮಾಡಲು ಅದೇ ಬಲದ ಇನ್ನೊಂದು ಸಂಘ ಇರಲಿಲ್ಲ.

ಈ ಲೇಖನ ಓದುವ ಉತ್ತರ ಕರ್ನಾಟಕದ ಮಂದಿಗೆ ಇದು ಪರಕೀಯವಲ್ಲ. ಕಲ್ಗಿ-ತುರಾಯಿ, ಹರದೇಶಿ-ನಾಗೇಶಿ ವಾದದ ಲಾವಣಿ ಗಡಿಯ ಎರಡೂ ಕಡೆಯದು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಎದುರುಬದುರು ಡೇರೆ ಹೊಡೆದು ಆಡುವುದನ್ನು ನೋಡಿ ಬೆಳೆದವರು ನಾವು. ಏಣಗಿ ಬಾಳಪ್ಪನವರಂಥ ಕಂಪನಿ ಮಾಲಕರು ಸಾಲ ಹೊತ್ತೇ ನಾಟಕ ನಡೆಸಿದ್ದನ್ನು ಕೇಳಿದ್ದೇವೆ. ಇಂದಿಗೂ ನಮ್ಮ ಹಳ್ಳಿಯ ಹುಡುಗರು ಜಾತ್ರೆಗೆ ನಾಟಕ ಕಲಿತರೆ ಸ್ತ್ರೀಪಾತ್ರದವರನ್ನು ಪಟ್ಟಣದ ಮಧ್ಯಸ್ಥರ ಮೂಲಕ ಗೊತ್ತು ಮಾಡುತ್ತಾರೆ. ಆ ಕಲಾವಿದೆ ರಾತ್ರಿ ಬಸ್ಸು ಹತ್ತಿ ಹೋಗುತ್ತಾಳೆ, ಎಷ್ಟಕ್ಕೆ ಒಪ್ಪಿಸಿದರು, ಎಷ್ಟು ಅವಳ ಕೈಗೆ ಬಂತು ಎಂಬುದಕ್ಕೆ ಚೀಟಿ ಇರುವುದಿಲ್ಲ. ಮಹಾರಾಷ್ಟ್ರದ ತಮಾಷಾ ಪರಿಷತ್ತಿನಿಂದ ನಮ್ಮವರು ಕಲಿಯಬೇಕಾದದ್ದು ಬಹಳವಿದೆ. ಚದುರಿಹೋದ ವೃತ್ತಿಯೊಂದನ್ನು ಒಂದು ಊರಿನ ಒಂದು ಸಾಲಿನಲ್ಲಿ ಕೂಡಿಸಿ, ಬಾಯಿಮಾತಿಗೆ ಬೆಲೆ ತಂದದ್ದು ಅದರಲ್ಲಿ ಮೊದಲನೆಯದು.

ಪರಿಷತ್ತಿನ ಮುಂದೆಯೂ ಫಡ ಮಾಲಕರ ಸಂಘಟನೆಯ ಮುಂದೆಯೂ ಇಡಬೇಕಾದ ಬೇಡಿಕೆ ದೊಡ್ಡದೇನಲ್ಲ. ಪಾಡ್ಯದಂದು ರಾವುಟಿಯಲ್ಲಿ ಬರೆಯುವ ಪ್ರತಿ ಸುಪಾರಿಯ ಕರಾರಿನಲ್ಲಿ ಆ ರಾತ್ರಿ ರಂಗಕ್ಕೆ ಬರುವವರ ಹೆಸರು ಮತ್ತು ಅವರ ಕೂಲಿ ಬರೆಯಿರಿ. ಉಚಲದ ಲೆಕ್ಕದ ಒಂದು ಪ್ರತಿಯನ್ನು ಕಲಾವಿದರ ಕೈಗೆ ಕೊಡಿ. ಪರಿಷತ್ತಿನ ಕಾರ್ಯಕಾರಿಣಿಯಲ್ಲಿ ಮಾಲಕರಲ್ಲದ ಕಲಾವಿದೆಯರಿಗೆ ಕುರ್ಚಿ ಇಡಿ, ಅವರ ಮಾತಿಗೆ ಮತ ಕೊಡಿ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವಕೀಲರಿದ್ದಾರೆ, ಲೆಕ್ಕ ಪರಿಶೋಧಕರಿದ್ದಾರೆ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಮುಂದಿನ ಯುಗಾದಿಗೆ ಬೇವುಬೆಲ್ಲ ತಿಂದ ಮೇಲೆ ನಾಸಿಕ ರಸ್ತೆ ಹಿಡಿಯಿರಿ. ಆ ಕರಾರಿನ ಮಾದರಿಯೊಂದನ್ನು ಮರಾಠಿಯಲ್ಲಿ ಬರೆದುಕೊಡಲು ಒಂದು ಮಧ್ಯಾಹ್ನ ಸಾಕು.